ಹಳೆಯ ಕ್ಯಾಮರಾದ ಚಾರ್ಜರ್

ಹೊಸಪೇಟೆ
6 ಫೆಬ್ರವರಿ 2025, ಗುರುವಾರ

ಬಾರ್ಬಿಲ್‌ನಲ್ಲಿರುವ ನಮ್ಮನೆಯವರಿಗೆ,

'ದೂರ ಹೋದವರ ಮುಖ ದಿನದಿನಕ್ಕೆ ಹತ್ತಿರವಾಗುತ್ತದೆ.' ಹೀಗೇನೋ ಒಂದು ಸಾಲು ಬೆಳಿಗ್ಗೆಯಿಂದ ತಲೆಯಲ್ಲಿ ಕೂತಿದೆ. ಎಲ್ಲಿ ಓದಿದ್ದೋ, ಮುಂದಿನ ಸಾಲು ಏನಿತ್ತೋ ನೆನಪಿಲ್ಲ. ಆದರೆ ಆ ಮಾತು ನಿಜವೇ ಎಂದು ನನಗೆ ಅನುಮಾನ. ನಿಮ್ಮನ್ನು ನೆನೆದರೆ ನನಗೆ ಮೊದಲು ಕಾಣುವುದು ಬೆನ್ನು. ಕೊರಳಿಗೆ ಕ್ಯಾಮರಾ ಹಾಕಿಕೊಂಡು ನಾಲ್ಕು ಹೆಜ್ಜೆ ಮುಂದೆ ನಡೆಯುವ, ಬೆವರಿಗೆ ಅಂಗಿ ಅಂಟಿದ ಬೆನ್ನು. ಮುಖ ಕಾಣಬೇಕಾದರೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾಯಬೇಕು. ಆ ಸಾಲು ಬರೆದವರು ಬಹುಶಃ ಒಬ್ಬರ ಪಕ್ಕಕ್ಕೊಬ್ಬರು ನಡೆಯುವ ಮಂದಿ.

ನಮಸ್ಕಾರ. ಆರೋಗ್ಯವೆಂದು ನಂಬಿದ್ದೇನೆ. ಕ್ಯಾಮರಾ ಕಳಿಸು ಎಂದು ನೀವು ಹೇಳಿ ಹದಿನೇಳು ದಿನವಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಜೊತೆ ಕೆಲಸ ಮಾಡುವ ತಿಪ್ಪೇಶ್ ರಜೆ ಮುಗಿಸಿ ಭಾನುವಾರ ಅಲ್ಲಿಗೆ ಹೊರಡುತ್ತಾನಲ್ಲ, ಅವನ ಕೈಯಲ್ಲಿ ಕ್ಯಾಮರಾ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಮತ್ತು ಈ ಪತ್ರ ಬರುತ್ತವೆ. ಫೋನು ಇರುವಾಗ ಪತ್ರವೇಕೆ ಎಂದು ನಗುತ್ತೀರಿ. 'ಊಟ ಆಯ್ತಾ, ಬಿಪಿ ಗುಳಿಗೆ ತಗೊಂಡ್ರಾ' ಎಂದು ನಾನು ಕೇಳಿ ಮುಗಿಸುವಷ್ಟರಲ್ಲಿ ನಿಮ್ಮ ಗಣಿಯ ಶಿಫ್ಟ್ ಗಾಡಿ ಹಾರ್ನ್ ಹೊಡೆಯುತ್ತದೆ. ಸಂಡೂರಿನ ಕೆಲಸ ಬಿಟ್ಟು ನೀವು ಒಡಿಶಾಕ್ಕೆ ಹೋದ ಈ ಮೂರು ವರ್ಷದಲ್ಲಿ ನಾವು ಆಡಿದ ಮಾತುಗಳಲ್ಲಿ ಅರ್ಧಕ್ಕರ್ಧ ಗುಳಿಗೆಯ ಬಗ್ಗೆಯೇ ಇರಬೇಕು.

ತಡವಾದದ್ದು ಚಾರ್ಜರ್‌ನಿಂದ. ಕ್ಯಾಮರಾ ಅಲಮಾರಿಯಲ್ಲಿ ನೀವು ಇಟ್ಟ ಹಾಗೆಯೇ ಇತ್ತು, ನಾನು ಮುಟ್ಟಿರಲಿಲ್ಲ. ಬ್ಯಾಟರಿ ಸತ್ತಿತ್ತು, ಚಾರ್ಜರ್ ಮಾತ್ರ ಎಲ್ಲೂ ಇಲ್ಲ. ನೀವು ಹೊರಡುವ ಗಡಿಬಿಡಿಯಲ್ಲಿ ಕಳೆದಿರಬೇಕು. ಹೇಮಾಳಿಗೆ ಫೋನ್ ಮಾಡಿದರೆ ಧಾರವಾಡದ ಹಾಸ್ಟೆಲಿನಿಂದ ಅವಳದು ಒಂದೇ ಮಾತು: "ಅಮ್ಮ, ಆನ್‌ಲೈನ್ ಹಾಕು, ಹತ್ತು ದಿನಕ್ಕ ಬರ್ತದ." ಹತ್ತು ದಿನ ಕಾದರೆ ತಿಪ್ಪೇಶ್ ಹೋಗಿಬಿಡುತ್ತಾನೆ. ಇಲ್ಲಿ ಊರೊಳಗೆ ಮೂರು ಅಂಗಡಿ ತಿರುಗಿದೆ. ಮೂರನೆಯವನು ಬ್ಯಾಟರಿಯನ್ನು ತಿರುವಿ ಮುರುವಿ ನೋಡಿ, "ಮೇಡಂ, ಇದನ್ನ ಕಮಲಾಪುರ ಮ್ಯೂಸಿಯಮ್ಮಿಗೆ ಕೊಟ್ಟುಬಿಡ್ರಿ, ಭಾಳ ಪುಣ್ಯ ಬರ್ತದ" ಎಂದ. ನಗು ಮುಗಿದ ಮೇಲೆ, ಹಂಪಿಯ ಟೂರಿಸ್ಟ್ ಅಂಗಡಿಗಳಲ್ಲಿ ಹಳೆಯ ಮಾಡೆಲ್ಲಿನ ಸಾಮಾನು ಸಿಗುತ್ತದೆಂದು ಅವನೇ ದಾರಿ ತೋರಿಸಿದ.

ಮಂಗಳವಾರ ಕಾಲೇಜು ಅರ್ಧ ದಿನ ಇತ್ತು. ಸೆಕೆಂಡ್ ಪಿಯುಸಿ ಮಕ್ಕಳಿಗೆ ಪದ್ಯದ ಪಾಠ ಮುಗಿಸಿ ಅದೇ ಚಪ್ಪಲಿಯಲ್ಲಿ ಹಂಪಿಯ ಬಸ್ ಹತ್ತಿದೆ. ಬಿಸಿಲು ಜೋರಿತ್ತು ಎಂದು ಹೇಮಾ ಬಿಟ್ಟುಹೋದ ಬಟ್ಟೆಯ ಟೋಪಿ ಹಾಕಿಕೊಂಡಿದ್ದೆ, ಹೆಗಲಿಗೆ ಜೋಳಿಗೆ. ಈ ವೇಷದಲ್ಲಿ ಅಲ್ಲಿಯ ಜನತಾ ಪ್ಲಾಟಿನ ಅಂಗಡಿಗಲ್ಲಿಗೆ ಕಾಲಿಟ್ಟರೆ ಎರಡೂ ಕಡೆಯಿಂದ "ಆಯಿಯೇ ಮೇಡಂ, ಆಯಿಯೇ!" ಮೂವತ್ತು ವರ್ಷದಿಂದ ಓಡಾಡಿದ ಊರಿನಲ್ಲಿ ನನ್ನನ್ನು ಹಿಂದಿಯಲ್ಲಿ ಕರೆದರು.

ಟೋಪಿ, ಸರ, ಮೆಮೊರಿ ಕಾರ್ಡು ಎಲ್ಲ ಒಟ್ಟಿಗೆ ಮಾರುವ ಒಂದು ಅಂಗಡಿ. ಬೋರ್ಡಿನ ತುಂಬ ಕಲ್ಲಿನ ರಥದ ಫೋಟೋ. ಒಳಗಿದ್ದವನು ಮೂವತ್ತರ ಆಚೆಯವನು, ಹೆಸರು ಹುಲಿಗೇಶ್ ಎಂದು ಆಮೇಲೆ ಗೊತ್ತಾಯಿತು. ನಾನು ಕನ್ನಡದಲ್ಲಿ ಕೇಳಿದ ತಕ್ಷಣ ಮುಖ ಅರಳಿಸಿ, "ಕನ್ನಡದೋರು! ಬೆಂಗ್ಳೂರೇನ್ರಿ?" ಎಂದ. ನನ್ನ ಪಾಠದ ಕನ್ನಡ ಅವನಿಗೆ ಹಾಗೆ ಕೇಳಿಸಿರಬೇಕು. ಹೊಸಪೇಟೆ ಎಂದರೆ ಯಾವ ಓಣಿ, ಯಾರ ಮನೆ ಎಂದು ಶುರುವಾಗುತ್ತದಲ್ಲ, ಸುಮ್ಮನೆ "ಹೂಂ" ಎಂದುಬಿಟ್ಟೆ. ಆ 'ಹೂಂ'ಗೆ ಎಷ್ಟು ಬೆಲೆ ಎಂದು ಆಗ ತಿಳಿಯಲಿಲ್ಲ.

ಅವನು ಬ್ಯಾಟರಿ ನೋಡಿದ, ಒಳಗಿನಿಂದ ಧೂಳು ಹಿಡಿದ ಡಬ್ಬಿ ತಂದ, ಪ್ಲಗ್ಗಿಗೆ ಹಾಕಿದ. ಕೆಂಪು ದೀಪ ಹತ್ತಿತು. ಬೆಲೆ ಕೇಳುವ ಮೊದಲೇ ನನ್ನ ಕೈ ಜೋಳಿಗೆಯೊಳಗೆ ಹೋಗಿತ್ತು.

"ಎರಡು ಸಾವಿರದ ಎರಡು ನೂರು, ಮೇಡಂ."

"ಇಷ್ಟು ಸಣ್ಣದಕ್ಕೆ?"

"ಸಣ್ಣದು ಅಂತೀರಿ. ಇಡೀ ವಿಜಯನಗರ ಜಿಲ್ಲೆಯಾಗ ಇದೊಂದ ಐತಿ. ಮನಿ ದೀಪ ಸಣ್ಣದು ಅಂತ ಆರಸ್ತೀರೇನು?"

ಮಾತಿಗೆ ಸೋತೆ ಎಂದುಕೊಳ್ಳಿ. ದುಡ್ಡು ಎಣಿಸಿ ಕೊಟ್ಟೆ. ಅವನು ಗ್ಯಾರಂಟಿ ಕಾರ್ಡ್ ಬರೆಯಲು ಪೆನ್ನು ತೆಗೆದ. "ಯಾರ ಕ್ಯಾಮರಾರಿ ಇದು?"

"ನಮ್ಮನೆಯವರದು."

"ಅದ ಯಾರು? ಹೆಸರು ಹೇಳ್ರಿ."

ಇಲ್ಲಿ ನಿಮ್ಮ ಹೆಂಡತಿಯ ಪಾಂಡಿತ್ಯವೆಲ್ಲ ಕೈಕೊಟ್ಟಿತು. ಎಂ.ಎ. ಓದಿ, ಇಪ್ಪತ್ತು ವರ್ಷ ಪಾಠ ಹೇಳಿ, ಬ್ಯಾಂಕಿನ ಅರ್ಜಿಯಲ್ಲಿ, ರೇಷನ್ ಕಾರ್ಡಿನಲ್ಲಿ ನಿಮ್ಮ ಹೆಸರನ್ನು ನೂರು ಸಲ ಬರೆದಿದ್ದೇನೆ. ಬಾಯಿಬಿಟ್ಟು ಹೇಳಿದ್ದು ಜೀವಮಾನದಲ್ಲಿ ಎರಡೇ ಸಲ, ಅದೂ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ. ಮದುವೆಯ ದಿನ ಕಂಪ್ಲಿಯ ನಮ್ಮ ಮನೆ ಬಾಗಿಲಲ್ಲಿ ನಿಮ್ಮ ಅಕ್ಕ ಅಡ್ಡ ನಿಂತು, "ಹೆಸರು ಹೇಳದ ಬಿಡಂಗಿಲ್ಲ" ಎಂದಾಗ ಹೇಳಿದ್ದೆ, ನೆನಪಿದೆಯೇ?

'ಕಂಪ್ಲಿ ಕಬ್ಬಿನ ಗದ್ದಿಗೆ ಕಾಲುವಿ ನೀರು,
ಜಂಬುನಾಥರು ಕರೆದರ ಒಲ್ಲೆ ಅನ್ನೋರು ಯಾರು.'

ಇನ್ನೊಮ್ಮೆ ಹೇಮಾ ಹೊಟ್ಟೆಯಲ್ಲಿದ್ದಾಗ ಸೀಮಂತದ ಕುಪ್ಪಸದ ಶಾಸ್ತ್ರದ ಹೊತ್ತಿಗೆ. ಆ ಒಡಪು ಮರೆತಿದೆ. ಈಗ ಅಂಗಡಿಯಲ್ಲಿ, ಒಡಪಿಲ್ಲದೆ, ಗುರುತಿಲ್ಲದವನ ಮುಂದೆ ಬರಿಯ ಹೆಸರನ್ನು ಇಡುವುದು ಹೇಗೆ? ಒಂದು ಕ್ಷಣ ಚಾರ್ಜರಿನ ಮೇಲೆಯೇ ಒಡಪು ಕಟ್ಟಲೇ ಎಂದೂ ಯೋಚಿಸಿದೆ, ನಗಬೇಡಿ. ಕೊನೆಗೆ ನನ್ನ ಹೆಸರೇ ಬರೆದುಕೊಳ್ಳಿ ಎಂದೆ. "ಆತ್ರಿ, ಭುವನೇಶ್ವರಿ ಮೇಡಂ, ಬೆಂಗ್ಳೂರು" ಎಂದು ಬರೆದು ಕೊಟ್ಟ. ಕಾರ್ಡು ಡಬ್ಬಿಯಲ್ಲಿದೆ, ನೋಡಿ.

ನಿನ್ನೆ ತನ್ನೂರು ವಡ್ಡುವಿನಿಂದ ತಿಪ್ಪೇಶ್ ಕ್ಯಾಮರಾ ಒಯ್ಯಲು ಬಂದಿದ್ದ. ಚಾರ್ಜರಿನ ಕಥೆ ಹೇಳಿದೆ. ಬೆಲೆ ಕೇಳಿ ಚಹಾದ ಬಟ್ಟಲು ಕೆಳಗಿಟ್ಟ.

"ಎರಡು ಸಾವಿರ ಚಿಲ್ಲರ? ಯಾವ ಅಂಗಡಿ ಅಕ್ಕ? ರಥದ ಬೋರ್ಡ್ ಐತಲ್ಲ, ಅದಾ?"

"ಅದೇ."

"ಅಯ್ಯೋ ನಮ್ಮವ್ವ! ಹುಲಿಗೇಶನ ಅಂಗಡಿ ಅದು. ಆ ಬೋರ್ಡಿನ ಫೋಟೋ ಅಣ್ಣಂದ! ಅಣ್ಣ ಪುಕ್ಕಟೆ ತಗದು ಕೊಟ್ಟಾರ. ಕ್ಯಾಮರಾ ಹಿಡಿಯಾದು ಅವ್ನಿಗೆ ಕಲಿಸಿದೋರ ಅಣ್ಣ. ಜಂಬುನಾಥಣ್ಣ ಅಂತ ಒಂದು ಮಾತು ಅಂದಿದ್ರ ಆರುನೂರಕ್ಕ ಕೊಟ್ಟು, ಮ್ಯಾಲ ಎಳನೀರು ಕುಡಿಸಿ, ಬಸ್ಸಿನ ತನಕ ಬಂದು ಕಳಿಸ್ತಿದ್ದ."

ಅಂದರೆ ನಾನು ನಿಮ್ಮ ಫೋಟೋದ ಕೆಳಗೇ ನಿಂತು ಬೆಂಗಳೂರಿನವಳಾಗಿ ದುಡ್ಡು ಕೊಟ್ಟು ಬಂದೆ. ಇಂಥ ಒಬ್ಬ ಶಿಷ್ಯ ಇದ್ದಾನೆ ಎಂದು ನೀವು ನನಗೆ ಯಾವತ್ತೂ ಹೇಳಲಿಲ್ಲವಲ್ಲ. ತಿಪ್ಪೇಶ್ ಬೈಕಿನ ಕೀಲಿ ತೆಗೆದು, "ಈಗ ಹೋಗಿ ಇಸ್ಕೊಂಡು ಬರ್ತೀನಿ, ಗುರುವಿನ ಹೆಂಡ್ತಿ ಹತ್ರನ ಹಿಂಗ ಕೀಳ್ತಾನ ಲುಚ್ಚಾ" ಎಂದು ಎದ್ದ. ಬ್ಯಾಡಪ್ಪ ಎಂದು ಕೂಡಿಸಿದೆ. ಹುಲಿಗೇಶನಿಗೆ ನೀವೂ ಫೋನ್ ಮಾಡಿ ಗದರಬೇಡಿ. ಅವನ ತಪ್ಪಿದ್ದದ್ದು ಬೆಲೆಯಲ್ಲಿ, ಉಳಿದದ್ದು ನನ್ನದು. ಕ್ಯಾಮರಾ ಮಾತ್ರ ತಿಪ್ಪೇಶನಿಗೆ ನಿನ್ನೆ ಕೊಡಲಿಲ್ಲ. ಪತ್ರ ಬರೆಯುವುದಿದೆ, ಶನಿವಾರ ಬಾ ಎಂದೆ.

ಬ್ಯಾಟರಿ ತುಂಬಿದ ಮೇಲೆ ಕ್ಯಾಮರಾ ತೆರೆದು ನೋಡಿದೆ, ನಿಮ್ಮನ್ನು ಕೇಳದೆ. ನೀವು ಊರು ಬಿಡುವ ಹಿಂದಿನ ದಿನ ನಾವಿಬ್ಬರೂ ಹಂಪಿಗೆ ಹೋಗಿದ್ದೆವಲ್ಲ, ಆ ದಿನದವು ನಲವತ್ತೊಂದು ಫೋಟೋ ಹಾಗೇ ಇವೆ. ಕಮಲಾಪುರದ ಹತ್ತಿರ ಬಾಳೆಗೊನೆ ತುಂಬಿದ ಟ್ರ್ಯಾಕ್ಟರ್ ಮಂಜಿನಲ್ಲಿ ಬರುತ್ತಿದೆ. ಅದಕ್ಕಾಗಿ ನೀವು ಬೈಕ್ ನಿಲ್ಲಿಸಿದಾಗ ನನ್ನ ಕಾಲು ಸೈಲೆನ್ಸರಿಗೆ ತಾಗಿ ಸುಟ್ಟಿತ್ತು, ಕಲೆ ಈಗಲೂ ಇದೆ. ಹೇಮಕೂಟದ ಮಂಟಪದ ಕಂಬಗಳು. ಒಣಗಲು ಬೋರಲು ಹಾಕಿದ ಹರಿಗೋಲುಗಳು. ಪೇರಲಹಣ್ಣಿಗೆ ಉಪ್ಪುಖಾರ ಸವರುತ್ತಿರುವ ಮುದುಕಿಯ ಕೈ. ಆ ಹಣ್ಣು ನಾವು ಹಂಚಿಕೊಂಡು ತಿಂದೆವು, ನಿಮಗೆ ಖಾರ ನೆತ್ತಿಗೇರಿ ನಾನು ತಲೆ ತಟ್ಟಿದೆ. ಕಡೆಯಲ್ಲಿ ಸಂಜೆಯ ಬಂಡೆಗಳು, ಹೊಳೆ, ಬೆಳಕು ಇನ್ನೇನು ಹೋಗುವ ಹೊತ್ತು. ಅಷ್ಟು ಹೊತ್ತಿಗೆ ನನಗೆ ಅಳು ಬಂದು ಮುಖ ಆಚೆ ತಿರುಗಿಸಿ ಕೂತಿದ್ದೆ. ನೀವು ನೋಡಲಿಲ್ಲ, ಬೆಳಕು ಹಿಡಿಯುವ ಗಡಿಬಿಡಿಯಲ್ಲಿದ್ದಿರಿ.

ಫೋಟೋಗಳು ಬಹಳ ಚೆನ್ನಾಗಿವೆ. ಒಂದನ್ನೂ ಅಳಿಸಿಲ್ಲ. ನೀವು ಹೇಳುತ್ತಿದ್ದ ಅಲ್ಲಿಯ ಜಲಪಾತ ತೆಗೆಯಲು ಜಾಗ ಸಾಲದಿದ್ದರೆ ಹೊಸ ಮೆಮೊರಿ ಕಾರ್ಡ್ ಹಾಕಿಕೊಳ್ಳಿ, ಇದನ್ನು ಹಾಗೆಯೇ ಇಡಿ.

ಯುಗಾದಿಗೆ ರಜೆ ಸಿಗುವುದೆಂದು ಹೋದ ತಿಂಗಳು ಹೇಳಿದ್ದಿರಿ, ಈ ತಿಂಗಳು ಆ ಮಾತೇ ಇಲ್ಲ. ಸಾಧ್ಯವಾದರೆ ಬನ್ನಿ. ಕಾಲುವೆಗೆ ನೀರು ಬಿಟ್ಟಿದ್ದಾರೆ, ಕಂಪ್ಲಿ ದಾರಿಯ ಎರಡೂ ಕಡೆ ಭತ್ತದ ಹಸಿರು ನಿಮ್ಮ ಕಣ್ಣಿಗೆ ಹಬ್ಬ. ಸಂಜೆ ಕಾಲೇಜಿನಿಂದ ಬಂದು ಬೀಗ ತೆಗೆಯುವಾಗ ಒಳಗೆ ಯಾರಾದರೂ ಕೆಮ್ಮಲಿ ಎನಿಸುತ್ತದೆ. ನಿಮ್ಮ ಆ ಸಿಗರೇಟಿನ ಕೆಮ್ಮಾದರೂ ಸರಿ.

ಪಂಪಾಪತಿ ನಿಮ್ಮನ್ನು ಗಣಿಯ ಧೂಳಿನಿಂದಲೂ ಘಾಟಿಯ ಲಾರಿಗಳಿಂದಲೂ ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣಿ. ಗುಳಿಗೆಯ ವಿಷಯ ಈ ಒಂದು ಪತ್ರದಲ್ಲಾದರೂ ಬೇಡ.

ನಿಮ್ಮ
ಭುವನ

ತಾ.ಕ.: ಪತ್ರ ಮಡಚಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಚಾರ್ಜರಿನ ಸಂಗತಿಯಲ್ಲಿ ಪೂರ್ತಿ ಹೇಳಿಲ್ಲ. ಹೆಸರು ಬಾಯಿಗೆ ಬರಲಿಲ್ಲ ಎಂಬುದು ನಿಜ, ಆದರೆ ಚೌಕಾಶಿ ಮಾಡದೆ ದುಡ್ಡು ಕೊಟ್ಟದ್ದಕ್ಕೆ ಬೇರೆಯೇ ಕಾರಣ. ಹುಲಿಗೇಶ್ ಐದು ಸಾವಿರ ಎಂದಿದ್ದರೂ ಕೊಡುತ್ತಿದ್ದೆ. ಬಿಟ್ಟುಹೋಗುವ ಹಿಂದಿನ ದಿನ ನಿಮ್ಮ ಕಣ್ಣಿಗೆ ನಾನು ಹೇಗೆ ಕಂಡಿದ್ದೆ ಎಂದು ನೋಡುವ ಆಸೆ ಮೂರು ವರ್ಷದಿಂದ ಇತ್ತು. ಆ ದಿನ ಹಸಿರು ಇಳಕಲ್ ಸೀರೆ ಉಟ್ಟಿದ್ದೆ.

ನಲವತ್ತೊಂದರಲ್ಲಿ ನಾನು ಒಂದರಲ್ಲೂ ಇಲ್ಲ. ಮೂರು ಸಲ ಹಿಂದೆ ಮುಂದೆ ಸರಿಸಿ ನೋಡಿದೆ. ಮಲಗಿದ ನಾಯಿ ಇದೆ, ಯಾವುದೋ ದೇಶದ ಕೂಸು ಇದೆ. 'ಸ್ವಲ್ಪ ಸರಿ, ಈಚೆ ಸರಿ' ಎಂದು ನೀವು ಅನ್ನುತ್ತಲೇ ಇದ್ದಿರಿ, ನನ್ನನ್ನು ಚೆನ್ನಾಗಿ ಕೂಡಿಸಲಿಕ್ಕೆ ಎಂದುಕೊಂಡು ಸೆರಗು ಸರಿಮಾಡಿಕೊಳ್ಳುತ್ತಲೇ ಇದ್ದೆ. ಫೋಟೋದಿಂದ ಆಚೆ ಹೋಗು ಎಂದು ನೀವು ಹೇಳುತ್ತಿದ್ದಿರಿ ಎಂಬುದು ನನಗೆ ಮೊನ್ನೆ ತಿಳಿಯಿತು. ಹಳೆಯ ಆಲ್ಬಮ್ ತೆಗೆದೆ. ಹೇಮಾಳ ಚಿಕ್ಕಂದಿನ ಫೋಟೋಗಳಲ್ಲಿ ನನ್ನ ಕೈ ಇದೆ, ಅವಳು ಬೀಳದಂತೆ ಹಿಡಿದದ್ದು. ಮೊಣಕೈವರೆಗೆ.

ಜಗಳಕ್ಕೆ ಬರೆದದ್ದಲ್ಲ. ನೀವು ಬಂದಾಗ ಆ ಸೀರೆ ಉಟ್ಟು ನಿಲ್ಲುತ್ತೇನೆ, ಕಲ್ಲು ಹೊಳೆ ಯಾವುದೂ ಬೇಡ, ಹಿತ್ತಲ ಗೋಡೆ ಸಾಕು.

ಪಕ್ಕದ ಮನೆಯ ಇಂದಿರಾಬಾಯಿ ಈಗ ಬಂದಿದ್ದರು. ಕೈಯಲ್ಲಿ ಕ್ಯಾಮರಾ ನೋಡಿ ತೋರಿಸಿ ಎಂದರು, ಒಂದೊಂದಾಗಿ ಎಲ್ಲವನ್ನೂ ತೋರಿಸಿದೆ. ಕನ್ನಡಕ ಏರಿಸಿ ಬಹಳ ಮೆಚ್ಚಿಕೊಂಡರು. ಹೊರಟವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿ ಹೇಳಿದರು:

"ನಿಮ್ಮ ಯಜಮಾನ್ರು ಭಾಳ ಚಂದ ತಗದಾರ ನೋಡ್ರಿ. ಆದ್ರ ಪಾಪ, ಅವತ್ತು ಒಬ್ಬರನ್ನ ಯಾಕ ಕಳಿಸಿದ್ರಿ, ಭುವನಮ್ಮ? ನೀವೂ ಜೋಡಿ ಹೋಗಬೇಕಿತ್ತು."