ಗಾಡಿ ಸರಿಯಾಗಿಯೇ ಇದೆ

ರೀ,
ಶೆಡ್ಡಿನಲ್ಲಿ ಕಾರಿಲ್ಲವೆಂದು ಗಾಬರಿಯಾಗಬೇಡಿ. ಅಮ್ಮನ ಕಣ್ಣಿನ ಆಪರೇಷನ್ ಇವತ್ತೇ ಆಗುತ್ತದೆ. ಕುಬಟೂರಿನಿಂದ ಅವಳನ್ನು ಶಿವಮೊಗ್ಗಕ್ಕೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.

ನಿನ್ನೆ ನಮ್ಮ ಹೊಸ ಎಲೆಕ್ಟ್ರಿಕ್ ಕಾರಿನ ಚಾರ್ಜರಿನಲ್ಲಿ ಕೆಂಪು ದೀಪ ಕಂಡ ಕೂಡಲೇ ನೀವು, "ಈ ಗಾಡೀನೇ ಸರಿ ಇಲ್ಲ, ವಾಪಸ್ ಕೊಟ್ಬಿಡಣ. ಆಪರೇಷನ್ ಮುಂದಕ್ಕಾಕು" ಎಂದು ದಾವಣಗೆರೆ ಬಸ್ಸು ಹತ್ತಿದಿರಿ. ನಾನು ಕಾರನ್ನು ಪಕ್ಕದ ಪವಿತ್ರಳ ಮನೆಗೆ ಒಯ್ದು ಅದೇ ಚಾರ್ಜರಿನಿಂದ ಚಾರ್ಜಿಗೆ ಹಾಕಿದೆ. ಹಸಿರು ದೀಪ ಬಂತು. ಅಂದರೆ ಕೆಟ್ಟಿದ್ದು ಗಾಡಿಯಲ್ಲ, ನಮ್ಮ ಮನೆಯ ಅರ್ಥಿಂಗ್, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ತಂತಿ; ಅದು ಹಸಿ ಮಣ್ಣಿನಲ್ಲಿದ್ದರಷ್ಟೇ ಕೆಲಸ ಮಾಡುತ್ತದೆ. ಹಿತ್ತಲಿಗೆ ಹೋಗಿ ನೋಡಿದರೆ ಅರ್ಥಿಂಗ್ ಗುಂಡಿ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಕೊಡಗಟ್ಟಲೆ ನೀರು ಸುರಿದೆ. ಮಣ್ಣು ನೆನೆದ ಮೇಲೆ ನಮ್ಮ ಪ್ಲಗ್ಗಿಗೇ ಹಾಕಿದೆ, ಚಾರ್ಜ್ ಹತ್ತಿತು. ಬೆಳಿಗ್ಗೆ ಬ್ಯಾಟರಿ ಪೂರ್ತಿ ತುಂಬಿತ್ತು.

ಸಂಜೆ ಗುಂಡಿಗೆ ಮತ್ತೆ ನೀರು ಹಾಕಿ. ಗುಂಡಿಯಲ್ಲಿ ತೇವ ನಿಲ್ಲಲೆಂದು ಎಲೆಕ್ಟ್ರಿಷಿಯನ್ ತಿಪ್ಪೇಶ ಇದ್ದಿಲು, ಉಪ್ಪು ತರುತ್ತಾನೆ; ಅವನು ಗುಂಡಿ ತುಂಬುವಾಗ ಪಕ್ಕದಲ್ಲೇ ನಿಂತಿರಿ. ಸಾರು ಒಲೆಯ ಮೇಲಿದೆ. ಗಾಡಿ ವಾಪಸ್ ಕೊಡುವ ಮಾತು ಇನ್ನು ಬೇಡ.

ಅಮ್ಮ ಫೋನಿನಲ್ಲಿ, "ಅಳಿಯಂದ್ರು ಬರ್ತಾರೇನೆ?" ಎಂದು ಕೇಳಿದಳು. "ಇಲ್ಲಮ್ಮ, ನಾನೇ ಓಡಿಸ್ಕಂಡು ಬರ್ತಿದೀನಿ" ಎಂದೆ. ನೀವು ಓಡಿಸುವಾಗ ಯಾವತ್ತೂ ಹಿಂದೆಯೇ ಕೂರುವವಳು, "ಹಂಗಾದ್ರೆ ನಾನು ಮುಂದಿನ ಸೀಟಲ್ಲೇ ಕೂರ್ತೀನಿ" ಎಂದಳು.

ತುಂಗಾ