ಗಾಳಿಗುಳ್ಳೆಗೆ ಪೂರ್ತಿ ಅಂಕ

೧೪ ಮಾರ್ಚ್, ಸಂಜೆ

ನನ್ನ ಪುಟ್ಟಿಗೆ,

ಹೇಗಿದ್ದೀಯೇ? ನೆಗಡಿ ಬಿಟ್ಟಿತಾ? ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಪ್ರಾಯೋಗಿಕ ಪರೀಕ್ಷೆಯ ಗಲಾಟೆಯಲ್ಲಿ ತಲೆ ಬಾಚಿಕೊಳ್ಳಲೂ ಪುರುಸೊತ್ತಿರಲಿಲ್ಲ. ನಿಮ್ಮಪ್ಪ ಫೋನಿನಲ್ಲಿ ನಿನಗೆ ಅರ್ಧ ಕಥೆ ಹೇಳಿದ್ದಾರೆ, ಅದೂ ತಮ್ಮ ಹೆದರಿಕೆ ಬೆರೆಸಿ. ಪೂರ್ತಿ ನನ್ನಿಂದಲೇ ಕೇಳು.

ಈ ಸಲ ಮಕ್ಕಳಿಗೆ ಕೊಟ್ಟಿದ್ದು ಈರುಳ್ಳಿ. ಒಳಗಿನ ತೆಳು ಪೊರೆ ಸುಲಿದು, ಗಾಜಿನ ಮೇಲೆ ನೀರಿನ ಹನಿಯಲ್ಲಿ ಹರಡಿ, ಬಣ್ಣ ಹಾಕಿ, ಮೇಲೊಂದು ತೆಳು ಗಾಜು ಮುಚ್ಚಿ, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಬರೆಯಬೇಕು. ಮುಚ್ಚುವಾಗ ಓರೆಯಾಗಿ ಇಳಿಸಬೇಕು. ಧೊಪ್ಪೆಂದು ಹಾಕಿದರೆ ಗಾಳಿ ಸಿಕ್ಕಿಕೊಂಡು ಕಪ್ಪು ಅಂಚಿನ ಗುಳ್ಳೆಗಳು ಕಾಣುತ್ತವೆ. ಅವತ್ತು ಬಣ್ಣದ ಬಾಟಲಿಯೇ ಖಾಲಿ. ತರಿಸಿ ತರಿಸಿ ಎಂದು ಹೆಡ್ಮಾಸ್ಟರಿಗೆ ಹೇಳಿ ನನ್ನ ಬಾಯಿ ಒಣಗಿತ್ತು. ಬಣ್ಣವಿಲ್ಲದೆ ನಮ್ಮ ಹಳೇ ಯಂತ್ರದಲ್ಲಿ ಜೀವಕೋಶದ ಗೋಡೆ ಮಸುಕಾಗಿ ಕಂಡೀತೇ ಹೊರತು ಒಳಗಿನ ಕೋಶಕೇಂದ್ರ ಕಾಣುವುದಿಲ್ಲ. ಆದರೂ ಎಲ್ಲರೂ ಪುಸ್ತಕದಲ್ಲಿದ್ದ ಹಾಗೆ ಇಟ್ಟಿಗೆ ಜೋಡಿಸಿದಂತೆ ಕೋಶ ಬರೆದು, ಒಂದೊಂದರೊಳಗೂ ಕರ್ರಗೆ ಬೊಟ್ಟಿಟ್ಟಿದ್ದರು. ಒಬ್ಬ ಮಹಾಶಯ ಗಾಜಿನ ಮೇಲೆ ಈರುಳ್ಳಿ ಪೊರೆ ಇಡುವುದನ್ನೇ ಮರೆತಿದ್ದ. ಅವನ ಚಿತ್ರವೇ ಎಲ್ಲರಿಗಿಂತ ಚೆನ್ನಾಗಿತ್ತು!

ಹಿಂದಿನ ಬೆಂಚಿನ ಪೀಚು ಹುಡುಗಿ, ನಮ್ಮ ಗುಬ್ಬಿ, ಅವಳೊಬ್ಬಳು ಮಾತ್ರ ಮಸುಕು ಗೆರೆಗಳ ನಡುವೆ ಕಪ್ಪು ಉಂಗುರಗಳನ್ನು ಬರೆದು, ಪಕ್ಕದಲ್ಲಿ "ಇವು ಏನೋ ಗೊತ್ತಿಲ್ಲ. ಕೋಶಕೇಂದ್ರ ಕಾಣಲಿಲ್ಲ" ಎಂದಿದ್ದಳು. ನಾನು ಬಗ್ಗಿ ನೋಡಿದೆ. ಗಾಜಿನ ಮೇಲೆ ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದಳು. ಪೂರ್ತಿ ಅಂಕ ಹಾಕಿದೆ.

ಹೊರಗಿನಿಂದ ಬಂದ ಪರೀಕ್ಷಕರು ಅದನ್ನು ಹೊಡೆದುಹಾಕಿ ಸೊನ್ನೆ ಸುತ್ತಿದರು.

"ಗಾಳಿಗುಳ್ಳೆಗೆಲ್ಲ ಅಂಕ ಕೊಡೋಕಾಗುತ್ತಾ ಮೇಡಂ?"

"ಮತ್ತೆ ಬಾಯಿಪಾಠಕ್ಕೆ ಯಾಕೆ ಕೊಟ್ರಿ? ಒಂದ್ಸಲ ಬಗ್ಗಿ ನೋಡಿ ಸಾರ್."

ಅವರು ನೋಡಲಿಲ್ಲ. ಆ ಸೊನ್ನೆ ಉಳಿದರೆ ಗುಬ್ಬಿ ಫೇಲು. ಅವಳಮ್ಮ ಆಗಲೇ ಟೈಲರ್ ಅಂಗಡಿಯಲ್ಲಿ ಅವಳಿಗೊಂದು ಜಾಗ ನೋಡಿಟ್ಟಿದ್ದಾಳೆ. ಫೇಲಾದರೆ ಶಾಲೆಗೆ ದೊಡ್ಡ ನಮಸ್ಕಾರ. ಅಂಕಪಟ್ಟಿಗೆ ಪರೀಕ್ಷಕರ ಸಹಿಯ ಜೊತೆ ನನ್ನದೂ ಬೇಕು. ನಾನು ಹಾಕಲಿಲ್ಲ.

ಇವತ್ತು ಹೆಡ್ಮಾಸ್ಟರ್ ಕರೆಸಿದರು. "ಒಂದು ಹುಡುಗಿಗೋಸ್ಕರ ಇಡೀ ಸ್ಕೂಲಿನ ಫಲಿತಾಂಶ ತಡೀತೀರಾ? ಸಹಿ ಹಾಕಿ. ಇಲ್ಲಾಂದ್ರೆ ಲ್ಯಾಬಿನ ಬೀಗದ ಕೈ ಇಲ್ಲಿಡಿ."

ಬೀಗದ ಕೈ ಇಟ್ಟೆ. "ಕಂಡದ್ದನ್ನ ಬರೆದೋಳಿಗೆ ಸೊನ್ನೆ ಹಾಕೋ ಕಡೆ ನನ್ನ ಹೆಸರು ಬೇಡ ಸಾರ್. ಯಾರಿಗೆ ಬೇಕಾದ್ರೂ ದೂರು ಕೊಡಿ, ಅಲ್ಲೂ ಇದನ್ನೇ ಹೇಳ್ತೀನಿ" ಅಂದೆ. ಇಷ್ಟು ವರ್ಷ ಮಗುವಿನ ಹಾಗೆ ನೋಡಿಕೊಂಡ ಲ್ಯಾಬು, ಬಿಟ್ಟುಕೊಡಲು ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ಕಾಂಪೌಂಡ್ ಗೋಡೆಯ ಪಾಚಿಗೆ ಯಾರೂ ಬೀಗ ಹಾಕಿಲ್ಲವಲ್ಲ! ಮಧ್ಯಾಹ್ನವೇ ಮಕ್ಕಳನ್ನು ಅಲ್ಲಿಗೆ ಎಳೆದುಕೊಂಡು ಹೋದೆ. ಪಾಚಿಯನ್ನು ಯಾವ ಹುಳು ತಿನ್ನುತ್ತದೆ, ಆ ಹುಳುವನ್ನು ಯಾರು ತಿನ್ನುತ್ತಾರೆ ಎಂದು ನೋಡುತ್ತ ಬಿಸಿಲಲ್ಲೇ ಕೂತೆವು. ಗುಬ್ಬಿ ಒಂದು ಜೇಡ ಹುಡುಕಿ ಕೊಟ್ಟಳು.

"ಕಲ್ಲಿಗೆ ತಲೆ ಚಚ್ಚಿಕೊಂಡ್ರೆ ಯಾರ ತಲೆ ಒಡೆಯುತ್ತೆ?" ಅಂತಾರೆ ನಿಮ್ಮಪ್ಪ. ನನ್ನ ತಲೆ ಗಟ್ಟಿಯಿದೆ ಎಂದೆ.

ಹೊಟ್ಟೆ ತುಂಬ ತಿನ್ನು, ಕಣ್ತುಂಬ ನಿದ್ದೆ ಮಾಡು. ನೀನು ಹಿಡಿದ ಕೆಲಸವೆಲ್ಲ ಕೈಗೂಡಲಿ, ಕಂದಾ.

ನಿನ್ನ ಹಟಮಾರಿ
ಅಮ್ಮ

ತಾ. ಕ.: ಇದು ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ನಾನು ಹೊರಡುವಾಗ ಹೆಡ್ಮಾಸ್ಟರ್ ದನಿ ತಗ್ಗಿಸಿ, "ನಿಮ್ಮ ಮಗಳು ಫೋನ್ ಮಾಡಿದ್ರು. ಅಮ್ಮಂಗೆ ಕಣ್ಣು ಮಂಜಾಗಿದೆ, ತಪ್ಪು ನೋಡಿರ್ತಾರೆ, ಕ್ಷಮಿಸಿಬಿಡಿ ಅಂದ್ರು. ಹಾಗಂತ ಒಂದು ಸಾಲು ಬರೆದುಕೊಡಿ, ಮುಗಿಸೋಣ" ಅಂದರು. ನೀನು ನನ್ನನ್ನು ಉಳಿಸಲಿಕ್ಕೇ ಹಾಗೆ ಹೇಳಿದೆ, ಗೊತ್ತು. ಆದರೆ ಸೊನ್ನೆ ಹಾಕಿದವರೂ ನನ್ನ ಕಣ್ಣಿನ ಮಾತೆತ್ತಿರಲಿಲ್ಲ ಪುಟ್ಟಿ. ಹೆಡ್ಮಾಸ್ಟರಿಗೆ ಮತ್ತೆ ಫೋನ್ ಮಾಡು. ಅಮ್ಮನ ಕಣ್ಣು ಸರಿಯಾಗಿದೆ, ನಾನೇ ಸುಳ್ಳು ಹೇಳಿದೆ ಅನ್ನು. ಅಲ್ಲಿಯವರೆಗೆ ನನಗೆ ಕಾಗದ ಬರೆಯಬೇಡ.