ಬೇಗ ಮಲಗುವ ಬೀದಿ

ಮ್ಯಾಸಚೂಸೆಟ್ಸ್ ಕರಾವಳಿ, ಮಂಗಳವಾರ

ಪ್ರೀತಿಯ ದೊಡ್ಡಮ್ಮ,

ಮುಂದೊಂದು ದಿನ ಕಡಲು ಎಷ್ಟೆತ್ತರ ಬರಬಹುದೆಂದು ತೋರಿಸಲು ನಗರಸಭೆಯವರು ಇಡಾಲಿನಾ ಅವರ ಬೇಕರಿಯ ಗೋಡೆಗೆ ನೀಲಿ ಗೆರೆ ಎಳೆದಿದ್ದಾರೆ. ಇವತ್ತು ಬೆಳಿಗ್ಗೆ ನೋಡಿದರೆ, ಆಕೆ ಬ್ರೆಡ್ ಜೋಡಿಸುವ ಹಲಗೆಯನ್ನು ಕಿತ್ತು ಆ ಗೆರೆಯ ಮೇಲಕ್ಕೆ ಹೊಡೆಸಿದ್ದಾರೆ!

"ಈಗ ಬರ್ಲಿ ಕಡಲು. ನನ್ನ ಒಂದು ಬ್ರೆಡ್ಡೂ ನೆನೆಯಲ್ಲ" ಎಂದರು.

"ನೆನೆದ್ರೇನೇ ಅಕ್ಕಾ ಅದು ಹಲ್ಲಿಗೆ ಬಗ್ಗೋದು" ಎಂದ, ಕಾಫಿಗೆ ಬಂದಿದ್ದ ಮೀನುಗಾರ ಝೆಕಾ.

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಊರಿನ ಮುಂದಿನ ಇಪ್ಪತ್ತು ವರ್ಷಗಳ ಯೋಜನೆಯ ಸಭೆಗಳಲ್ಲಿ ಟಿಪ್ಪಣಿ ಬರೆಯುವವಳು ನಾನು. ಬಂದವರು ತಮ್ಮ ಆಸೆಯಂತೆ ನಕ್ಷೆಯ ಮೇಲೆ ಬಣ್ಣದ ಚುಕ್ಕೆ ಅಂಟಿಸುತ್ತಾರೆ. ಬೇಕರಿ ಇರುವ ಈ ಹಳೆಯ ಬೀದಿಯನ್ನು ಕೆಡವಿ ಉದ್ಯಾನ ಮಾಡಿ ಎನ್ನುವ ಚುಕ್ಕೆಗಳು ತುಂಬಿಹೋಗಿವೆ. ಎಲ್ಲವೂ ಬೇಸಿಗೆಗೆ ಮಾತ್ರ ಬರುವ ಬಂಗಲೆಯವರವು. ಉಳಿಸಿ ಎನ್ನುವ ಹಸಿರು ಚುಕ್ಕೆ ಒಂದೂ ಇಲ್ಲ. ಶುಕ್ರವಾರ ಲೆಕ್ಕ ಮುಗಿಯುತ್ತದೆ.

ನೀವ್ಯಾರೂ ಸಭೆಗೆ ಯಾಕೆ ಬರಲಿಲ್ಲವೆಂದು ಮೆಲ್ಲಗೆ ಕೇಳಿದೆ.

"ಸಂಜೆ ಏಳಕ್ಕಾ ಮಗಳೇ? ಅಷ್ಟೊತ್ತಿಗೆ ಬೀದಿಗೆ ಬೀದಿಯೇ ಗೊರಕೆ ಹೊಡೀತಿರುತ್ತೆ. ಕೋಳಿ ಕೂಗೋಕ್ಮುಂಚೆ ನಾನು ಒಲೆ ಹಚ್ಬೇಕು, ಇವ್ರು ದೋಣಿ ಬಿಡ್ಬೇಕು. ನಿಮ್ ಸಭೆ ಕನಸಲ್ಲಿ ಮಾಡ್ತೀವಿ!" ಎಂದರು ಇಡಾಲಿನಾ.

ನನ್ನ ಕೆಮ್ಮು ಪೂರ್ತಿ ಹೋಗಿದೆ. ಉಪ್ಪುಗಾಳಿಗೆ ಒಗ್ಗಿಕೊಂಡಿದ್ದೇನೆ. ನೀನು ಕಳಿಸಿದ ಉಣ್ಣೆಯ ಕಾಲುಚೀಲ ಬೆಚ್ಚಗಿದೆ. ಊಟದ ಚಿಂತೆ ಬೇಡ, ಇಡಾಲಿನಾ ದಿನವೂ ಸೊಪ್ಪಿನ ಸಾರು ಕುಡಿಸುತ್ತಾರೆ.

ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ, ನಿನಗೆ ಮಾತ್ರ ಹೇಳುತ್ತಿದ್ದೇನೆ: ನಾಳೆ ಇಡಾಲಿನಾ ಒಲೆ ಹಚ್ಚುವ ಹೊತ್ತಿಗೆ, ನಕ್ಷೆಯನ್ನು ಸುತ್ತಿಕೊಂಡು, ಹಸಿರು ಚುಕ್ಕೆಗಳನ್ನೂ ಹಿಡಿದು ಬೇಕರಿಗೆ ಹೋಗುತ್ತೇನೆ.

ನಿನ್ನ ಥಿಯಾ